ಓಡುವ ಮಗುವಿಗೆ ಕೋಚ್ ಹುಡುಕುವಾಗ: ಶಾಲೆ, ಸ್ಟೇಡಿಯಂ, ಕ್ರೀಡಾ ನಿಲಯಗಳ ಹೋಲಿಕೆ

ಆಗಸ್ಟ್ ಹೊತ್ತಿಗೆ ನಮ್ಮ ರಾಜ್ಯದ ಬಹಳಷ್ಟು ಶಾಲೆಗಳಿಗೆ ಹೋಬಳಿ ಮಟ್ಟದ ಕ್ರೀಡಾಕೂಟ ಮುಗಿದು ತಾಲ್ಲೂಕು ಮಟ್ಟದ ಕೂಟ ಎದುರಿಗಿರುತ್ತದೆ. ಆರನೆಯ ತರಗತಿಯದೋ ಏಳನೆಯದೋ ಒಂದು ಮಗು 200 ಮೀಟರ್ ಓಟದಲ್ಲಿ ಬರಿಗಾಲಲ್ಲೇ ಓಡಿ ಮೊದಲು ಬಂದು, ಪ್ರಮಾಣಪತ್ರ ಹಿಡಿದು ಮನೆಗೆ ಬರುತ್ತದೆ. ಅದೇ ಸಂಜೆ ನೆಂಟರಲ್ಲಿ ಒಬ್ಬರಾದರೂ ‘ಒಳ್ಳೆಯ ಕೋಚಿಂಗ್‌ಗೆ ಸೇರಿಸಿಬಿಡಿ’ ಎನ್ನುತ್ತಾರೆ. ಎಲ್ಲಿಗೆ ಸೇರಿಸುವುದು ಎಂದು ಕೇಳಿದರೆ ಮಾತ್ರ ಅವರೂ ನಮ್ಮಂತೆಯೇ ಫೋನ್ ತೆಗೆದು ಹುಡುಕತೊಡಗುತ್ತಾರೆ. ಮಗಳಿಗಾಗಿ ಎರಡು ವರ್ಷ ಬೆಂಗಳೂರಿನ ಮೈದಾನಗಳನ್ನು ಸುತ್ತಿದ ಮೇಲೆ, ಮೊದಲ ದಿನವೇ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು ಎನ್ನಿಸಿದ ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಕರ್ನಾಟಕದಲ್ಲಿ 6ರಿಂದ 8ನೇ ತರಗತಿಯ, ಅಂದರೆ ಸುಮಾರು 11ರಿಂದ 14 ವರ್ಷದ ಮಗುವಿಗೆ ಓಟ ಕಲಿಯಲು ಇರುವ ದಾರಿಗಳು ಇವು: ಶಾಲೆಯ ದೈಹಿಕ ಶಿಕ್ಷಕರು, ಜಿಲ್ಲಾ ಕ್ರೀಡಾಂಗಣದಲ್ಲಿ ಬೆಳಿಗ್ಗೆ ಸಂಜೆ ನಡೆಯುವ ಕೋಚಿಂಗ್, ದೊಡ್ಡವರ ರನ್ನಿಂಗ್ ಗುಂಪುಗಳು, ಆನ್‌ಲೈನ್ ಅಥವಾ ವೈಯಕ್ತಿಕ ಕೋಚ್, ಮತ್ತು ಸರ್ಕಾರದ ಕ್ರೀಡಾ ನಿಲಯ ಅಥವಾ ಕ್ರೀಡೆಗೆ ಹೆಸರಾದ ವಸತಿ ಶಾಲೆ. ಇವುಗಳಲ್ಲಿ ಯಾವುದು ದೊಡ್ಡದು, ಯಾವುದು ಹೆಸರುವಾಸಿ ಎಂಬ ಲೆಕ್ಕದಲ್ಲಿ ಆರಿಸುವವರೇ ಹೆಚ್ಚು. ಆ ಲೆಕ್ಕ 17 ವರ್ಷದ ಓಟಗಾರನಿಗೆ ಸರಿಯಾಗಬಹುದು. 12ರ ಮಗುವಿಗೆ ಸರಿಹೊಂದುವುದಿಲ್ಲ ಎಂಬುದು ನನ್ನ ತಿಳಿವಳಿಕೆ.

ಈ ವಯಸ್ಸಿನ ಓಟದ ಅಳತೆ

ಶಾಲಾ ಕ್ರೀಡಾಕೂಟಗಳಲ್ಲಿ 14 ವರ್ಷದೊಳಗಿನವರಿಗೆ ಇರುವ ಓಟಗಳು 100, 200, 400 ಮತ್ತು 600 ಮೀಟರ್. ಜೊತೆಗೆ 80 ಮೀಟರ್ ಹರ್ಡಲ್ಸ್, 4×100 ರಿಲೇ. ಅಂದರೆ ಈ ವಿಭಾಗದಲ್ಲಿ ಮಗು ಓಡುವ ಅತಿ ಉದ್ದದ ಓಟವೆಂದರೆ ಟ್ರ್ಯಾಕಿನ ಒಂದೂವರೆ ಸುತ್ತು. ಅಥ್ಲೆಟಿಕ್ಸ್ ಫೆಡರೇಷನ್ ಆಫ್ ಇಂಡಿಯಾ ನಡೆಸುವ ರಾಷ್ಟ್ರೀಯ ಅಂತರ ಜಿಲ್ಲಾ ಕಿರಿಯರ ಕೂಟವಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 14ರೊಳಗಿನ ಮಕ್ಕಳಿಗೆ ಟ್ರಯಾಥ್ಲಾನ್ ಎಂಬ ಹೆಸರಿನ ಸ್ಪರ್ಧೆಯನ್ನು ಇಟ್ಟಿದೆ. ಇದು ಈಜು, ಸೈಕಲ್‌ಗಳ ಟ್ರಯಾಥ್ಲಾನ್ ಅಲ್ಲ. 60 ಮೀಟರ್ ಓಟದ ಜೊತೆಗೆ ಜಿಗಿತ ಮುಂತಾದವನ್ನು ಒಂದೇ ಮಗು ಮಾಡಿ, ಎಲ್ಲದರ ಅಂಕ ಕೂಡಿ ಬರುವ ಸ್ಪರ್ಧೆ. ದೇಶದ ಅಥ್ಲೆಟಿಕ್ಸನ್ನು ನಡೆಸುವ ಸಂಸ್ಥೆಯೇ ಈ ವಯಸ್ಸಿನ ಮಗುವನ್ನು ಬರೀ ಓಟಗಾರನನ್ನಾಗಿ ಮಾಡಲು ಒಪ್ಪದಿರುವಾಗ, ಏಳನೆಯ ತರಗತಿಯ ಹುಡುಗಿಗೆ ದಿನವೂ ಎಂಟು ಹತ್ತು ಕಿಲೋಮೀಟರ್ ಓಡಿಸುವ ಕೋಚ್ ಅವಳನ್ನು ಯಾವ ಸ್ಪರ್ಧೆಗೆ ತಯಾರು ಮಾಡುತ್ತಿದ್ದಾರೆ ಎಂದು ಕೇಳಲೇಬೇಕಾಗುತ್ತದೆ.

ಇನ್ನೊಂದು ಸಂಗತಿ ದೇಹದ್ದು. ಹೆಣ್ಣುಮಕ್ಕಳು ಸಾಮಾನ್ಯವಾಗಿ 11, 12ರ ಆಸುಪಾಸಿನಲ್ಲಿ, ಗಂಡುಮಕ್ಕಳು 13, 14ರ ಆಸುಪಾಸಿನಲ್ಲಿ ಸರ್ರನೆ ಎತ್ತರವಾಗುತ್ತಾರೆ. ಆ ದಿನಗಳಲ್ಲಿ ಮೂಳೆ ಬೆಳೆದಷ್ಟು ವೇಗವಾಗಿ ಸ್ನಾಯು ಮತ್ತು ಸ್ನಾಯುಬಂಧಗಳು ಹೊಂದಿಕೊಳ್ಳುವುದಿಲ್ಲವಾದ್ದರಿಂದ, ಮೂಳೆಯ ತುದಿಯ ಮೃದುವಾದ ಬೆಳವಣಿಗೆಯ ಭಾಗದ ಮೇಲೆ ಎಳೆತ ಬೀಳುತ್ತದೆ. ಮಂಡಿಚಿಪ್ಪಿನ ಕೆಳಗೆ ಗಂಟಿನಂತೆ ಉಬ್ಬಿ ನೋಯುವ ಆಸ್‌ಗುಡ್-ಶ್ಲಾಟರ್, ಹಿಮ್ಮಡಿ ನೋಯುವ ಸೀವರ್ಸ್ ಎರಡೂ ಹೀಗೆ ಬರುವಂಥವು, ಮತ್ತು ಓಡುವ ಮಕ್ಕಳಲ್ಲಿ ಬಹಳ ಸಾಮಾನ್ಯ. ವಿಶ್ರಾಂತಿ ಕೊಟ್ಟು ಹೊರೆ ತಗ್ಗಿಸಿದರೆ ಇಳಿಯುವ ಈ ನೋವನ್ನು ‘ಸೋಮಾರಿತನ, ನೆಪ’ ಎಂದುಕೊಂಡು ಓಡಿಸುತ್ತಾ ಹೋದರೆ ಅದು ತಿಂಗಳುಗಟ್ಟಲೆ ಕಾಡುತ್ತದೆ. ನನ್ನ ಮಗಳ ಹಿಮ್ಮಡಿಗೆ ಹೀಗೇ ಆಯಿತು; ‘ಬೆಳೆಯುವ ಮಕ್ಕಳಿಗೆ ನೋವು ಇದ್ದದ್ದೇ’ ಎಂದು ಅಂದಿನ ಕೋಚ್ ಹೇಳಿದ್ದು ಅರ್ಧ ನಿಜ, ಉಳಿದರ್ಧವನ್ನು ಕೇಳಲು ನಾವು ಮೂಳೆ ವೈದ್ಯರ ಬಳಿ ಹೋಗಬೇಕಾಯಿತು.

ಇದೇ ಬೆಳವಣಿಗೆ ಫಲಿತಾಂಶವನ್ನೂ ಏರುಪೇರು ಮಾಡುತ್ತದೆ. ಬೇಗ ಎತ್ತರವಾದ 12ರ ಹುಡುಗ ಹೋಬಳಿ, ತಾಲ್ಲೂಕುಗಳನ್ನು ಸಲೀಸಾಗಿ ಗೆಲ್ಲುತ್ತಾನೆ. 16ರ ಹೊತ್ತಿಗೆ ಉಳಿದವರೂ ಅವನ ಎತ್ತರಕ್ಕೆ ಬಂದಾಗ ಅವನ ಮುನ್ನಡೆ ಕರಗುತ್ತದೆ. ಹೆಣ್ಣುಮಕ್ಕಳಲ್ಲಿ ಮೈನೆರೆಯುವ ಸಮಯದಲ್ಲಿ ದೇಹದ ತೂಕ, ಆಕಾರ ಬದಲಾಗಿ, ಒಂದೆರಡು ವರ್ಷ ಸಮಯ ಸುಧಾರಿಸದೆ ನಿಲ್ಲುವುದೂ, ಕೆಲವೊಮ್ಮೆ ಹಿಂದೆ ಹೋಗುವುದೂ ಸಹಜ. ಇದನ್ನು ಮೊದಲೇ ತಿಳಿದಿರುವ ಕೋಚ್ ಆ ಅವಧಿಯನ್ನು ತಂತ್ರ ಕಲಿಸಲು ಬಳಸುತ್ತಾರೆ, ತಿಳಿಯದವರು ‘ಮೊದಲಿನ ಹಾಗೆ ಮನಸ್ಸಿಟ್ಟು ಓಡುತ್ತಿಲ್ಲ’ ಎನ್ನುತ್ತಾರೆ. ಎಷ್ಟೋ ಹುಡುಗಿಯರು ಓಟ ಬಿಡುವುದು ಈ ಮಾತು ಕೇಳಿದ ಮೇಲೆ.

ಹಾಗಾಗಿ ಕೋಚನ್ನು ಆರಿಸುವಾಗ ನಾನು ಮುಖ್ಯವೆಂದು ಕಂಡುಕೊಂಡ ಪ್ರಶ್ನೆ ಒಂದೇ: ನಾಲ್ಕು ವರ್ಷದ ಹಿಂದೆ ನಿಮ್ಮಲ್ಲಿ 13 ವರ್ಷದವರಾಗಿದ್ದ ಮಕ್ಕಳಲ್ಲಿ ಎಷ್ಟು ಜನ ಇವತ್ತಿಗೂ ಓಡುತ್ತಿದ್ದಾರೆ? ಗೋಡೆಯ ಮೇಲಿನ ಪದಕಗಳನ್ನು ಎಲ್ಲರೂ ತೋರಿಸುತ್ತಾರೆ. ಈ ಪ್ರಶ್ನೆಗೆ ಹೆಸರು ಹಿಡಿದು, ಯಾರು ಉಳಿದರು, ಯಾರು ಬಿಟ್ಟರು, ಯಾಕೆ ಬಿಟ್ಟರು ಎಂದು ಹೇಳಬಲ್ಲವರು ಕಡಿಮೆ. ಮುಂದಿನ ಹೋಲಿಕೆಯೆಲ್ಲ ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ್ದು.

ಶಾಲೆಯ ಪಿ.ಟಿ. ಮೇಷ್ಟ್ರು

ಶಾಲೆಯಲ್ಲಿ ಆಸಕ್ತಿಯ ದೈಹಿಕ ಶಿಕ್ಷಕರಿದ್ದರೆ, ಹೊರಗಿನ ಕೋಚಿಂಗ್ ಹುಡುಕುವ ಮುನ್ನ ಅವರ ಬಳಿಯೇ ಒಂದು ವರ್ಷ ಕಳೆಯುವುದು ಒಳ್ಳೆಯದು. ಪ್ರಯಾಣವಿಲ್ಲ, ಶುಲ್ಕವಿಲ್ಲ, ಜೊತೆಗೆ ಓಡಲು ಮಗುವಿನ ಗೆಳೆಯರೇ ಇರುತ್ತಾರೆ. ಖೋ-ಖೋ, ಕಬಡ್ಡಿ, ಉದ್ದ ಜಿಗಿತ ಎಲ್ಲವೂ ಬೆರೆತಿರುವ ಶಾಲಾ ಮೈದಾನ ಈ ವಯಸ್ಸಿಗೆ ಎಷ್ಟು ತಕ್ಕದ್ದು ಎಂಬುದು ದುಬಾರಿ ಅಕಾಡೆಮಿಗಳನ್ನು ನೋಡಿ ಬಂದ ಮೇಲೆಯೇ ನನಗೆ ತಿಳಿದದ್ದು. ಖೋ-ಖೋ ಆಡುವ ಮಗುವಿಗೆ ತಟ್ಟನೆ ಏಳುವ, ತಿರುಗುವ, ನಿಲ್ಲುವ ಅಭ್ಯಾಸವನ್ನು ಪ್ರತ್ಯೇಕ ಡ್ರಿಲ್ ಎಂದು ಹೇಳಿಕೊಡಬೇಕಾಗಿಯೇ ಇಲ್ಲ.

ಶಾಲಾ ಶಿಕ್ಷಣ ಇಲಾಖೆಯ ಏಣಿ, ಅಂದರೆ ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಕ್ರಮ ಪಿ.ಟಿ. ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅರ್ಜಿ ಯಾವಾಗ, ಜನನ ಪ್ರಮಾಣಪತ್ರ ಎಲ್ಲಿ ಬೇಕು, ಒಂದು ಮಗು ಎಷ್ಟು ಸ್ಪರ್ಧೆಗೆ ಇಳಿಯಬಹುದು ಎಂಬ ವಿವರಗಳಿಗೆ ಅವರಿಗಿಂತ ನಂಬಿಕಸ್ತರಿಲ್ಲ. ಸಿ.ಬಿ.ಎಸ್.ಇ. ಮತ್ತು ಐ.ಸಿ.ಎಸ್.ಇ. ಶಾಲೆಗಳ ಮಕ್ಕಳಿಗೆ ಆ ಮಂಡಳಿಗಳದೇ ಪ್ರತ್ಯೇಕ ಕೂಟಗಳಿವೆ, ಸ್ಕೂಲ್ ಗೇಮ್ಸ್ ಫೆಡರೇಷನ್ನಿನ ರಾಷ್ಟ್ರೀಯ ಕೂಟಕ್ಕೂ ಅವು ತಮ್ಮ ತಂಡವನ್ನೇ ಕಳಿಸುತ್ತವೆ; ಹಾಗಾಗಿ ಶಾಲೆ ಬದಲಿಸುವ ಯೋಚನೆಯಿದ್ದವರು ಈ ಏಣಿಯೂ ಬದಲಾಗುತ್ತದೆ ಎಂಬುದನ್ನು ನೆನಪಿಡಬೇಕು.

ಕೊರತೆ ಏನೆಂದರೆ, ಒಬ್ಬರೇ ಶಿಕ್ಷಕರು ಇಡೀ ಶಾಲೆಯ ಎಲ್ಲ ಆಟಗಳನ್ನೂ ನೋಡಿಕೊಳ್ಳಬೇಕಾಗಿರುವುದರಿಂದ, ಓಟದ ತರಬೇತಿ ಕ್ರೀಡಾಕೂಟಕ್ಕೆ ಮೂರು ವಾರ ಮುಂಚೆ ಶುರುವಾಗಿ ಕೂಟದ ಮರುದಿನ ನಿಂತುಬಿಡುತ್ತದೆ. ಮೂರು ವಾರದಲ್ಲಿ ವರ್ಷದ ಓಟವನ್ನೆಲ್ಲ ತುಂಬುವ ಈ ಪದ್ಧತಿಯಿಂದ ತೊಡೆಯ ಸ್ನಾಯು ಸೆಳೆತ ಬಿಟ್ಟರೆ ಹೆಚ್ಚೇನೂ ಸಿಗುವುದಿಲ್ಲ. ವರ್ಷವಿಡೀ ವಾರಕ್ಕೆರಡು ದಿನವಾದರೂ ಅಭ್ಯಾಸ ನಡೆಸುವ ಮೇಷ್ಟ್ರು ಸಿಕ್ಕರೆ, ಮಗು ಎಂಟನೆಯ ತರಗತಿ ಮುಗಿಸುವವರೆಗೂ ಬೇರೆ ಕಡೆ ಹೋಗಬೇಕಾಗಿಲ್ಲ.

ಕ್ರೀಡಾಂಗಣದ ಕೋಚಿಂಗ್

ಹೆಚ್ಚಿನ ಪೋಷಕರು ಕೊನೆಗೆ ಬಂದು ನಿಲ್ಲುವುದು ಇಲ್ಲಿಗೇ. ಬೆಂಗಳೂರಿನಲ್ಲಿ ಶ್ರೀ ಕಂಠೀರವ ಕ್ರೀಡಾಂಗಣ, ಮೈಸೂರಿನ ಚಾಮುಂಡಿ ವಿಹಾರ, ಮಂಗಳೂರಿನ ಮಂಗಳಾ ಕ್ರೀಡಾಂಗಣ, ಉಡುಪಿಯ ಅಜ್ಜರಕಾಡು, ಧಾರವಾಡದ ಆರ್.ಎನ್. ಶೆಟ್ಟಿ ಕ್ರೀಡಾಂಗಣ ಮುಂತಾದ ಕಡೆ ಸಿಂಥೆಟಿಕ್, ಅಂದರೆ ರಬ್ಬರಿನಂಥ ಕೃತಕ ಹಾಸಿನ, ಟ್ರ್ಯಾಕ್‌ಗಳಿವೆ. ಹಲವು ತಾಲ್ಲೂಕು ಕೇಂದ್ರಗಳಲ್ಲಿ ಇಂದಿಗೂ ಮಣ್ಣಿನ ಟ್ರ್ಯಾಕ್. ಒಂದೇ ಮೈದಾನದಲ್ಲಿ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕೋಚ್, ಖಾಸಗಿ ಅಕಾಡೆಮಿಯವರು, ಹಳೆಯ ಅಥ್ಲೀಟ್ ಒಬ್ಬರು ತಮ್ಮಷ್ಟಕ್ಕೆ ನಡೆಸುವ ಗುಂಪು, ಹೀಗೆ ಮೂರು ನಾಲ್ಕು ತಂಡಗಳು ಅಕ್ಕಪಕ್ಕದಲ್ಲೇ ಅಭ್ಯಾಸ ಮಾಡುತ್ತಿರುತ್ತವೆ. ‘ಕಂಠೀರವದಲ್ಲಿ ಕೋಚಿಂಗ್’ ಎಂದರೆ ಹಾಗಾಗಿ ಏನೂ ಹೇಳಿದಂತಾಗುವುದಿಲ್ಲ; ಯಾರ ಬಳಿ ಎಂಬುದೇ ಮಾತು.

ಇಲಾಖೆಯ ಕೋಚ್‌ಗಳ ಶುಲ್ಕ ಕಡಿಮೆ, ಅನುಭವ ಸಾಮಾನ್ಯವಾಗಿ ಹೆಚ್ಚು; ಆದರೆ ವರ್ಗಾವಣೆ, ಕೂಟಗಳ ಕೆಲಸ, ಚುನಾವಣೆಯಂಥ ಕರ್ತವ್ಯಗಳ ನಡುವೆ ಅವರು ಸಿಗದ ದಿನಗಳೂ ಇರುತ್ತವೆ. ಖಾಸಗಿ ಅಕಾಡೆಮಿಯಲ್ಲಿ ವೇಳಾಪಟ್ಟಿ ಅಚ್ಚುಕಟ್ಟು, ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಬರುತ್ತದೆ, ಪೋಷಕರನ್ನು ಕೂರಿಸಿ ಮಾತನಾಡಿಸುತ್ತಾರೆ. ಆದರೆ ಜಾಹೀರಾತಿನಲ್ಲಿ ಹೆಸರಿರುವ ಕೋಚ್ ದೊಡ್ಡ ಹುಡುಗರ ಗುಂಪನ್ನು ನೋಡಿಕೊಳ್ಳುತ್ತಾ, ಚಿಕ್ಕವರನ್ನು ಹತ್ತೊಂಬತ್ತು ವರ್ಷದ ಸಹಾಯಕನಿಗೆ ಒಪ್ಪಿಸಿರುವುದನ್ನು ನಾನು ಕಂಡಿದ್ದೇನೆ. ಆ ಸಹಾಯಕ ಒಳ್ಳೆಯ ಓಟಗಾರನಾಗಿರಬಹುದು. ತಾನು ಮಾಡುವ ಅಭ್ಯಾಸವನ್ನೇ ಅರ್ಧ ಮಾಡಿ ಮಕ್ಕಳಿಗೆ ಕೊಡುತ್ತಾನೆ ಎಂಬುದೇ ತೊಂದರೆ. ಹಳೆಯ ಅಥ್ಲೀಟ್‌ಗಳ ಸಣ್ಣ ಗುಂಪುಗಳಲ್ಲಿ ಇಪ್ಪತ್ತು ಮಕ್ಕಳ ಹೆಸರು, ಮನೆ, ಶಾಲೆ, ಪರೀಕ್ಷೆಯ ದಿನ ಎಲ್ಲವೂ ಕೋಚ್‌ಗೆ ಗೊತ್ತಿರುತ್ತದೆ. ಫಲಕವಿಲ್ಲದ, ಜಾಲತಾಣವಿಲ್ಲದ ಇಂಥ ಗುಂಪುಗಳನ್ನು ಹುಡುಕಬೇಕಾದರೆ ಬೆಳಿಗ್ಗೆ ಆರಕ್ಕೆ ಮೈದಾನಕ್ಕೆ ಹೋಗಿ ಕೂರುವುದೇ ದಾರಿ.

ಕೋಚ್‌ಗಳ ಅರ್ಹತೆಯ ಬಗ್ಗೆ ಕೇಳಲು ಸಂಕೋಚಪಡಬಾರದು. 1961ರಲ್ಲಿ ಆರಂಭವಾದ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ, ಮಾತಿನಲ್ಲಿ ಎನ್.ಐ.ಎಸ್., ಕೊಡುವ ಕೋಚಿಂಗ್ ಡಿಪ್ಲೊಮಾ ಒಂದು ವರ್ಷದ್ದು. ಅದೇ ಸಂಸ್ಥೆಯ ಆರು ವಾರದ ಪ್ರಮಾಣಪತ್ರದ ಕೋರ್ಸೂ ಇದೆ. ‘ನಾನು ಎನ್.ಐ.ಎಸ್. ಕೋಚ್’ ಎಂದಾಗ ಎರಡರಲ್ಲಿ ಯಾವುದು ಎಂದು ವಿಚಾರಿಸಿದರೆ ತಪ್ಪಿಲ್ಲ. ಅಥ್ಲೆಟಿಕ್ಸ್ ಫೆಡರೇಷನ್ ಮತ್ತು ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯ ಹಂತವಾರು ಕೋಚಿಂಗ್ ಕೋರ್ಸ್‌ಗಳಿವೆ, ಅವುಗಳ ಮೊದಲ ಹಂತಗಳಲ್ಲಿ ಮಕ್ಕಳ ಅಥ್ಲೆಟಿಕ್ಸಿಗೆ ಒತ್ತು ಇರುವುದರಿಂದ ನಮ್ಮ ಮಕ್ಕಳ ವಯಸ್ಸಿಗೆ ಅದು ಉಪಯುಕ್ತ. ಹಾಗೆಂದು ಪ್ರಮಾಣಪತ್ರವೊಂದನ್ನೇ ನಂಬಿ ಸೇರಿಸುವುದೂ ಸರಿಯಲ್ಲ. ರಾಷ್ಟ್ರೀಯ ಮಟ್ಟದಲ್ಲಿ ಓಡಿದ್ದೆ ಎಂಬುದು ಕಲಿಸುವ ಅರ್ಹತೆಯಲ್ಲ, ಡಿಪ್ಲೊಮಾ ಇದೆ ಎಂಬುದು ಮಕ್ಕಳ ಜೊತೆ ಸಹನೆ ಇದೆ ಎಂಬುದಕ್ಕೆ ಸಾಕ್ಷಿಯಲ್ಲ.

ಕ್ರೀಡಾಂಗಣದ ಕೋಚ್‌ಗಳಿಂದ ಆಗುವ ದೊಡ್ಡ ಅನುಕೂಲವೆಂದರೆ ಎರಡನೆಯ ಏಣಿ. ಜಿಲ್ಲಾ ಅಥ್ಲೆಟಿಕ್ಸ್ ಸಂಸ್ಥೆ, ಅಲ್ಲಿಂದ ಕರ್ನಾಟಕ ಅಥ್ಲೆಟಿಕ್ಸ್ ಸಂಸ್ಥೆ, ಅಲ್ಲಿಂದ ರಾಷ್ಟ್ರೀಯ ಫೆಡರೇಷನ್ ಎಂಬ ಈ ಕ್ರಮದಲ್ಲಿ ಸ್ಪರ್ಧಿಸಲು ಮಗುವಿನ ನೋಂದಣಿ ಬೇಕು, ದಿನಾಂಕಗಳ ಮೇಲೆ ಕಣ್ಣಿಡಬೇಕು, ಮತ್ತು ಇದ್ಯಾವುದೂ ಶಾಲೆಗೆ ಸುತ್ತೋಲೆಯಾಗಿ ಬರುವುದಿಲ್ಲ. ಜಿಲ್ಲಾ ಸಂಸ್ಥೆಯೊಂದಿಗೆ ಒಡನಾಟವಿಲ್ಲದ ಕೋಚ್ ಬಳಿ ವರ್ಷಗಟ್ಟಲೆ ಅಭ್ಯಾಸ ಮಾಡಿಯೂ ಮಗು ಒಂದು ಸರಿಯಾದ ಮೀಟ್ ಕಾಣದೇ ಇರಬಹುದು.

ಸಿಂಥೆಟಿಕ್ ಟ್ರ್ಯಾಕ್‌ನ ಮೋಹದ ಬಗ್ಗೆಯೂ ಒಂದು ಮಾತು ಹೇಳಬೇಕು. ಜಯನಗರದಿಂದಲೋ ಯಲಹಂಕದಿಂದಲೋ ಕಂಠೀರವಕ್ಕೆ ಸಂಜೆಯ ಹೊತ್ತು ಹೋಗಿ ಬರುವುದೆಂದರೆ ಏನೆಂದು ಬೆಂಗಳೂರಿನವರಿಗೆ ವಿವರಿಸಬೇಕಾಗಿಲ್ಲ. ಒಂದು ಗಂಟೆಯ ಅಭ್ಯಾಸಕ್ಕೆ ಎರಡು ಗಂಟೆಯ ಟ್ರಾಫಿಕ್, ಕಾರಿನಲ್ಲೇ ಊಟ, ರಾತ್ರಿ ಹತ್ತಕ್ಕೆ ಹೋಂವರ್ಕ್ ಆದರೆ ಮಗುವಿನ ನಿದ್ದೆಯೇ ಹೋಗುತ್ತದೆ, ನಿದ್ದೆಯಿಲ್ಲದ ಮಗುವಿಗೆ ಯಾವ ಟ್ರ್ಯಾಕೂ ಸಹಾಯ ಮಾಡುವುದಿಲ್ಲ. ಈ ವಯಸ್ಸಿನ ಅಭ್ಯಾಸದ ಬಹುಪಾಲನ್ನು ಹುಲ್ಲಿನ ಮೇಲೆ, ಮಣ್ಣಿನ ಮೇಲೆ ಮಾಡಬಹುದು, ಬೆಳೆಯುವ ಕಾಲಿಗೆ ಅದು ಹಿತವೂ ಹೌದು. ತಿಂಗಳಿಗೆ ಒಂದೆರಡು ಸಲ, ಸ್ಪರ್ಧೆಗೆ ಮುನ್ನ, ಸಿಂಥೆಟಿಕ್ ಮೇಲೆ ಓಡಿಸಿದರೆ ಸಾಕು. ಮನೆಯಿಂದ ಹದಿನೈದು ನಿಮಿಷ ದೂರದ ಸಾಧಾರಣ ಮೈದಾನದ ಒಳ್ಳೆಯ ಕೋಚ್, ಒಂದು ಗಂಟೆ ದೂರದ ಸಿಂಥೆಟಿಕ್ ಟ್ರ್ಯಾಕ್‌ನ ಅಷ್ಟೇ ಒಳ್ಳೆಯ ಕೋಚ್‌ಗಿಂತ ಮೇಲು ಎಂದು ನಾನು ಎರಡು ಮಾತಿಲ್ಲದೆ ಹೇಳುತ್ತೇನೆ.

ದೊಡ್ಡವರ ರನ್ನಿಂಗ್ ಗುಂಪು, ಆನ್‌ಲೈನ್ ಕೋಚ್

2008ರಿಂದ ಬೆಂಗಳೂರಿನಲ್ಲಿ ನಡೆಯುತ್ತಿರುವ ವಿಶ್ವ 10ಕೆ ಓಟದ ನಂತರ ಕಬ್ಬನ್ ಪಾರ್ಕ್‌ನಿಂದ ಹಿಡಿದು ಬಡಾವಣೆಗಳ ಕೆರೆ ಏರಿಗಳವರೆಗೆ ರನ್ನಿಂಗ್ ಗುಂಪುಗಳು ಹಬ್ಬಿವೆ. ಅಪ್ಪ ಅಮ್ಮ ಓಡುವ ಗುಂಪಿಗೆ ಮಗುವನ್ನೂ ಕರೆದೊಯ್ಯುವುದು ಸಂತೋಷದ ವಿಷಯವೇ, ಭಾನುವಾರದ ಎರಡು ಮೂರು ಕಿಲೋಮೀಟರ್ ಜೊತೆ ಓಟಕ್ಕೆ ಅಡ್ಡಿಯಿಲ್ಲ. ಆದರೆ ಆ ಗುಂಪುಗಳ ಯೋಜನೆ ಹಾಫ್ ಮ್ಯಾರಥಾನ್, ಮ್ಯಾರಥಾನ್‌ಗಳ ಸುತ್ತ ಕಟ್ಟಿದ್ದು. ಅಂಥ ಓಟಗಳಿಗೆ ನಮ್ಮಲ್ಲಿ ಸಾಮಾನ್ಯವಾಗಿ 18 ತುಂಬಿರಬೇಕು. ಅದನ್ನು ಮಗುವಿನ ತರಬೇತಿ ಎಂದು ಎಣಿಸಬೇಡಿ.

ಆನ್‌ಲೈನ್ ಕೋಚಿಂಗ್ ಈ ವಯಸ್ಸಿಗೆ ಬೇಡ. ಓಟದ ತಂತ್ರವನ್ನು ಕಣ್ಣೆದುರು ನೋಡಿ ತಿದ್ದಬೇಕು. ಕೈಗಡಿಯಾರ ಕಳಿಸಿದ ಅಂಕಿಗಳಿಂದ ಹಿಮ್ಮಡಿ ನೋವು ಕಾಣುವುದಿಲ್ಲ. ಮನೆಗೆ ಬಂದು ಒಬ್ಬರಿಗೇ ಕಲಿಸುವ ಕೋಚ್ ಕೂಡ, ಅಪರೂಪದ ಸಂದರ್ಭ ಬಿಟ್ಟರೆ, ಮಗುವಿಗೆ ಬೇಸರ ತರಿಸುವುದೇ ಹೆಚ್ಚು, ಯಾಕೆಂದರೆ ಹನ್ನೆರಡರ ಮಗು ಓಡುವುದು ಬಹುಪಾಲು ಪಕ್ಕದಲ್ಲಿ ಓಡುವ ಇನ್ನೊಂದು ಮಗುವಿಗಾಗಿ.

ಕ್ರೀಡಾ ನಿಲಯ ಮತ್ತು ವಸತಿ ಶಾಲೆ

ಇದು ಬೇರೆಯೇ ತೂಕದ ನಿರ್ಧಾರ. ಇಲ್ಲಿ ಕೋಚನ್ನಷ್ಟೇ ಅಲ್ಲ, ಮಗುವಿನ ಮನೆ, ಶಾಲೆ, ಊಟ, ಗೆಳೆತನಗಳನ್ನೆಲ್ಲ ಒಟ್ಟಿಗೆ ಆರಿಸುತ್ತಿರುತ್ತೀರಿ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಬೆಂಗಳೂರಿನ ವಿದ್ಯಾನಗರದ ಕ್ರೀಡಾ ಶಾಲೆಯನ್ನೂ ಜಿಲ್ಲೆಗಳಲ್ಲಿ ಕ್ರೀಡಾ ನಿಲಯಗಳನ್ನೂ ನಡೆಸುತ್ತದೆ. ಶಾಲಾ ಹಂತದಲ್ಲಿ ಸಾಮಾನ್ಯವಾಗಿ 5ನೇ ಮತ್ತು 8ನೇ ತರಗತಿಗೆ ಮಕ್ಕಳನ್ನು ಎತ್ತರ, ತೂಕ, ಓಟ, ಜಿಗಿತಗಳ ಪರೀಕ್ಷೆ ಮಾಡಿ ಆಯ್ಕೆ ಮಾಡಲಾಗುತ್ತದೆ. ಊಟ, ವಸತಿ, ತರಬೇತಿ, ಓದಿನ ವೆಚ್ಚವನ್ನು ಸರ್ಕಾರವೇ ನೋಡಿಕೊಳ್ಳುತ್ತದೆ. ಬೆಂಗಳೂರಿನಲ್ಲೇ ಭಾರತೀಯ ಕ್ರೀಡಾ ಪ್ರಾಧಿಕಾರದ, ಎಲ್ಲರ ಬಾಯಲ್ಲಿ ‘ಸಾಯ್’ ಆಗಿರುವ ಸಂಸ್ಥೆಯ, ದಕ್ಷಿಣ ಕೇಂದ್ರವಿದೆ. ಅಲ್ಲಿನ ವಸತಿ ಯೋಜನೆಗಳ ಪೈಪೋಟಿ ಇನ್ನೂ ಕಠಿಣ. ಖಾಸಗಿಯಾಗಿ ನೋಡಿದರೆ ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ ಕ್ರೀಡಾಪಟುಗಳನ್ನು ದತ್ತು ಪಡೆದು ಓದಿಸುವುದಕ್ಕೆ ಹೆಸರಾಗಿದೆ. ಅದೇ ಊರಿನ ಸ್ವರಾಜ್ ಮೈದಾನದಲ್ಲಿ ಸಿಂಥೆಟಿಕ್ ಟ್ರ್ಯಾಕ್ ಇದೆ. ಕೊಡಗಿನ ಗೋಣಿಕೊಪ್ಪದ ಬಳಿ ಓಟಗಾರ್ತಿ ಅಶ್ವಿನಿ ನಾಚಪ್ಪ ಮತ್ತು ಅವರ ಕುಟುಂಬ ಕಟ್ಟಿದ ಶಾಲೆಯೂ ಓದಿನ ಜೊತೆಗೆ ಕ್ರೀಡೆಗೆ ಜಾಗ ಕೊಟ್ಟದ್ದು.

ಯಾರಿಗೆ ಇದು ಸರಿ? ಊರಿನಲ್ಲಿ ಕೋಚ್ ಇಲ್ಲ, ಮೈದಾನವಿಲ್ಲ, ಮನೆಯಲ್ಲಿ ದಿನವೂ ಹಾಲು ಮೊಟ್ಟೆಗೆ ಕಷ್ಟ, ಆದರೆ ಮಗು ತಾನೇ ಹಟ ಹಿಡಿದು ಓಡುತ್ತದೆ ಎನ್ನುವ ಕುಟುಂಬಕ್ಕೆ ಕ್ರೀಡಾ ನಿಲಯ ಬೇರೆ ಯಾವ ದಾರಿಯೂ ಕೊಡಲಾರದ್ದನ್ನು ಕೊಡುತ್ತದೆ. ಕರ್ನಾಟಕದ ಹಳ್ಳಿಗಳಿಂದ ಬಂದ ಎಷ್ಟೋ ಅಥ್ಲೀಟ್‌ಗಳು ಈ ನಿಲಯಗಳಲ್ಲೇ ಬೆಳೆದವರು. ಇದಕ್ಕೆ ಪ್ರತಿಯಾಗಿ, ಬೆಂಗಳೂರು, ಮಂಗಳೂರಿನಂಥ ಊರಿನಲ್ಲಿ, ಮನೆಯ ಹತ್ತಿರವೇ ಒಪ್ಪುವ ಕೋಚಿಂಗ್ ಇರುವಾಗ, ಹನ್ನೊಂದು ವರ್ಷದ ಮಗುವನ್ನು ಮನೆಯಿಂದ ದೂರ ಕಳಿಸುವುದರಿಂದ ಓಟಕ್ಕೆ ಆಗುವ ಲಾಭ ಕಡಿಮೆ. ಅಂಥವರು 8ನೇ ತರಗತಿಯ ಪ್ರವೇಶಕ್ಕೆ, ಅಥವಾ ಅದರ ನಂತರಕ್ಕೆ ಕಾಯುವುದೇ ವಿವೇಕ ಎನ್ನುವುದು ನನ್ನ ಅಭಿಪ್ರಾಯ. ಅಷ್ಟರಲ್ಲಿ ಮಗುವಿನ ದೇಹವೂ ಮನಸ್ಸೂ ಸ್ವಲ್ಪ ನೆಲೆಗೊಂಡಿರುತ್ತವೆ, ಅದು ತನ್ನ ಇಷ್ಟವನ್ನು ತಾನೇ ಹೇಳಬಲ್ಲದು.

ಸೇರಿಸುವ ಮುನ್ನ ಒಂದು ದಿನವಿಡೀ ಹೋಗಿ ನೋಡಬೇಕು, ಸಾಧ್ಯವಾದರೆ ಹೇಳದೆ ಹೋಗಬೇಕು. ಶೌಚಾಲಯ, ಅಡುಗೆಮನೆ, ಹುಡುಗಿಯರ ನಿಲಯದ ವಾರ್ಡನ್ ಮಹಿಳೆಯೇ, ಗಾಯವಾದ ಮಗು ಅಭ್ಯಾಸದ ಹೊತ್ತಿನಲ್ಲಿ ಎಲ್ಲಿರುತ್ತದೆ, ಮನೆಗೆ ಫೋನ್ ಮಾಡಲು ವಾರಕ್ಕೆ ಎಷ್ಟು ಬಾರಿ ಬಿಡುತ್ತಾರೆ, ಆಯ್ಕೆಯಲ್ಲಿ ಹಿಂದೆ ಬಿದ್ದ ಮಗುವನ್ನು ವರ್ಷದ ನಡುವೆ ಮನೆಗೆ ಕಳಿಸುತ್ತಾರೆಯೇ ಎಂಬುದನ್ನೆಲ್ಲ ಕೇಳಬೇಕು. ಅಲ್ಲಿನ ಹತ್ತನೆಯ ತರಗತಿಯ ಮಕ್ಕಳೊಂದಿಗೆ, ಕೋಚ್ ಇಲ್ಲದಾಗ, ಹತ್ತು ನಿಮಿಷ ಮಾತನಾಡಿದರೆ ಕಚೇರಿಯಲ್ಲಿ ಎರಡು ಗಂಟೆ ಕೂತರೂ ಸಿಗದ ಮಾಹಿತಿ ಸಿಗುತ್ತದೆ.

ವೃತ್ತಿಶಿಕ್ಷಣದ ಸೀಟುಗಳಲ್ಲಿ ಕ್ರೀಡಾ ಕೋಟಾ ಇದೆ ಎಂಬ ಕಾರಣಕ್ಕೆ ಈ ದಾರಿ ಹಿಡಿಯುವವರನ್ನೂ ನೋಡಿದ್ದೇನೆ. ಆ ಲೆಕ್ಕವನ್ನು ಆರನೆಯ ತರಗತಿಯಲ್ಲಿ ಹಾಕುವುದು ತೀರಾ ಬೇಗವಾಯಿತು.

ಮೈದಾನದ ಅಂಚಿನಲ್ಲಿ ಕೂತು ನೋಡಬೇಕಾದದ್ದು

ಯಾವ ದಾರಿ ಆರಿಸಿದರೂ, ಹಣ ಕಟ್ಟುವ ಮುನ್ನ ಎರಡು ಮೂರು ದಿನ ಅಭ್ಯಾಸವನ್ನು ಪೂರ್ತಿ ಕೂತು ನೋಡಬೇಕು. ನೋಡಲು ಬಿಡದ ಕೋಚ್ ಬಳಿಗೆ ಮಗುವನ್ನು ಬಿಡಬಾರದು. ಪೋಷಕರು ಪಕ್ಕದಲ್ಲಿ ನಿಂತು ಕೂಗಬಾರದು ಎಂಬ ನಿಯಮ ಸರಿ, ಅದನ್ನು ನಾನು ಒಪ್ಪುತ್ತೇನೆ. ಗ್ಯಾಲರಿಯಲ್ಲೂ ಕೂರಬಾರದು ಎಂಬುದು ಒಪ್ಪತಕ್ಕದ್ದಲ್ಲ.

ಮೊದಲ ಇಪ್ಪತ್ತು ನಿಮಿಷ ನೋಡಿದರೆ ಬಹಳಷ್ಟು ತಿಳಿಯುತ್ತದೆ. ಎರಡು ಸುತ್ತು ಜಾಗಿಂಗ್, ನಿಂತಲ್ಲೇ ಕೈಕಾಲು ಚಾಚುವುದು, ಆಮೇಲೆ ನೇರವಾಗಿ ಓಟ ಎಂದಾದರೆ ಕೋಚ್ ಹಳೆಯ ಪಾಠವನ್ನೇ ಒಪ್ಪಿಸುತ್ತಿದ್ದಾರೆ. ಮಂಡಿ ಎತ್ತಿ ನಡೆಯುವುದು, ಕುಪ್ಪಳಿಸುವುದು, ಒಂಟಿ ಕಾಲಲ್ಲಿ ಜಿಗಿಯುವುದು, ಹಿಂದಕ್ಕೆ ಓಡುವುದು, ಚೆಂಡು ಎಸೆಯುವುದು, ಚಿಕ್ಕ ಹರ್ಡಲ್ ದಾಟುವುದು ಇವೆಲ್ಲ ಬೆರೆತು ಮಕ್ಕಳು ನಗುತ್ತಲೇ ಬೆವರುತ್ತಿದ್ದರೆ ಅದು ಈ ವಯಸ್ಸಿನ ತರಬೇತಿ. ಕೋಚ್ ಒಬ್ಬ ಮಗುವನ್ನು ನಿಲ್ಲಿಸಿ ಕೈ ಬೀಸುವುದನ್ನು ತಿದ್ದಿದರೇ, ಅಥವಾ ಸೀಟಿ ಊದಿ ಸ್ಟಾಪ್‌ವಾಚ್ ನೋಡುತ್ತಾ ನಿಂತರೇ? ಕೊನೆಯಲ್ಲಿ ಬರುವ ಮಗುವಿಗೆ ಏನು ಹೇಳಿದರು? ನಾನು ಕೋಚ್‌ಗಳನ್ನು ಅಳೆದದ್ದು ಬಹುಪಾಲು ಈ ಕೊನೆಯ ಮಗುವಿನ ಮೂಲಕವೇ.

ಎಷ್ಟು ಹೊತ್ತು, ಎಷ್ಟು ದಿನ ಎಂಬುದಕ್ಕೆ ಮಕ್ಕಳ ಕ್ರೀಡಾ ವೈದ್ಯರು ಹೇಳುವ ಒಂದು ಸರಳ ಲೆಕ್ಕವಿದೆ: ವಾರದಲ್ಲಿ ಎಲ್ಲ ಕ್ರೀಡೆಗಳ ತರಬೇತಿ ಸೇರಿ ಗಂಟೆಗಳ ಸಂಖ್ಯೆ ಮಗುವಿನ ವಯಸ್ಸನ್ನು ಮೀರಬಾರದು, ವಾರಕ್ಕೆ ಒಂದೆರಡು ದಿನ ಪೂರ್ತಿ ಬಿಡುವು ಇರಬೇಕು. 12ರ ಮಗುವಿಗೆ 12 ಗಂಟೆ ಎಂಬುದು ಗುರಿಯಲ್ಲ, ಅದು ಮೇಲಿನ ಮಿತಿ. ಓಟಕ್ಕೆ ವಾರಕ್ಕೆ ಮೂರು ದಿನ, ದಿನಕ್ಕೆ ಒಂದರಿಂದ ಒಂದೂವರೆ ಗಂಟೆ ನನ್ನ ಪ್ರಕಾರ ಬೇಕಾದಷ್ಟಾಯಿತು. ಉಳಿದ ದಿನ ಮಗು ಬೇರೆ ಆಟ ಆಡುತ್ತದೆ ಎಂದಾಗ ಕೋಚ್ ಮುಖ ಗಂಟಿಕ್ಕಿದರೆ ಅದನ್ನೂ ಗಮನಿಸಿ.

ಕೆಲವು ಮಾತುಗಳು ಕಿವಿಗೆ ಬಿದ್ದ ಕೂಡಲೇ ಅಲ್ಲಿಂದ ಹೊರಡಬೇಕು. ಹುಟ್ಟಿದ ದಿನಾಂಕವನ್ನು ‘ಸ್ವಲ್ಪ ಸರಿಪಡಿಸಿದರೆ’ ಕೆಳಗಿನ ವಿಭಾಗದಲ್ಲಿ ಪದಕ ಖಚಿತ ಎನ್ನುವುದು ಒಂದು. ಅಥ್ಲೆಟಿಕ್ಸ್ ಫೆಡರೇಷನ್ ತನ್ನ ಕೂಟಗಳಲ್ಲಿ ವೈದ್ಯಕೀಯವಾಗಿ ವಯಸ್ಸು ಪರೀಕ್ಷಿಸುತ್ತದೆ, ಸಿಕ್ಕಿಬಿದ್ದಾಗ ಕಳಂಕ ಹೊರುವುದು ಮಗು, ಸಲಹೆ ಕೊಟ್ಟವರಲ್ಲ. ಪುಡಿ, ಮಾತ್ರೆ, ‘ರಿಕವರಿಗೆ’ ಚುಚ್ಚುಮದ್ದು ಎನ್ನುವುದು ಇನ್ನೊಂದು. ಉದ್ದೀಪನ ಮದ್ದಿನ ನಿಯಮಗಳಿಗೆ ಕಿರಿಯರೂ ಒಳಪಟ್ಟಿದ್ದಾರೆ. ಹುಡುಗಿಯ ತೂಕದ ಬಗ್ಗೆ ಎಲ್ಲರೆದುರು ಆಡಿಕೊಳ್ಳುವುದು, ಊಟ ಕಡಿಮೆ ಮಾಡು ಎನ್ನುವುದು ಮತ್ತೊಂದು. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ವ್ಯಾಪಕವಾಗಿದೆ. ಸುಮ್ಮನೆ ಸುಸ್ತಾಗಿ ಹಿಂದೆ ಬೀಳುವ ಹುಡುಗಿಗೆ ಹೆಚ್ಚು ಓಟವಲ್ಲ, ಹಿಮೋಗ್ಲೋಬಿನ್ ಪರೀಕ್ಷೆ ಬೇಕಿರಬಹುದು ಎಂದು ತಾನಾಗಿ ಹೇಳುವ ಕೋಚ್ ಸಿಕ್ಕರೆ ಬಿಡಬೇಡಿ.

ಸುರಕ್ಷತೆಯ ಪ್ರಶ್ನೆಗಳನ್ನು ನೇರವಾಗಿಯೇ ಕೇಳಬೇಕು. ಹುಡುಗಿಯರಿರುವ ಗುಂಪಿನಲ್ಲಿ ಮಹಿಳಾ ಕೋಚ್ ಅಥವಾ ಸಹಾಯಕಿ ಇದ್ದಾರೆಯೇ, ಮಸಾಜ್ ಯಾರು ಮಾಡುತ್ತಾರೆ ಮತ್ತು ಎಲ್ಲಿ, ಹೊರ ಊರಿನ ಮೀಟ್‌ಗೆ ಹೋದಾಗ ಮಕ್ಕಳ ಕೋಣೆ ಹೇಗೆ ಹಂಚುತ್ತಾರೆ, ಕೋಚ್ ಮಗುವಿಗೆ ಒಂಟಿಯಾಗಿ ಸಂದೇಶ ಕಳಿಸುವ ಪದ್ಧತಿ ಇದೆಯೇ? ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಕ್ರೀಡಾಂಗಣಕ್ಕೂ ಅನ್ವಯಿಸುತ್ತದೆ ಎಂಬುದು ಒಳ್ಳೆಯ ಕೋಚ್‌ಗಳಿಗೆ ಗೊತ್ತಿದೆ, ಅವರು ಈ ಪ್ರಶ್ನೆಗಳಿಂದ ನೊಂದುಕೊಳ್ಳುವುದಿಲ್ಲ. ನಾನು ಕೇಳಿದಾಗ ಒಬ್ಬ ಹಿರಿಯ ಕೋಚ್ ‘ಇದನ್ನು ಎಲ್ಲ ತಂದೆತಾಯಿ ಕೇಳಬೇಕು, ಯಾರೂ ಕೇಳುವುದಿಲ್ಲ’ ಎಂದರು.

ಖರ್ಚಿನ ವಿಷಯದಲ್ಲಿ, ತಿಂಗಳ ಶುಲ್ಕವನ್ನಷ್ಟೇ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಕ್ರೀಡಾಂಗಣದ ಪ್ರವೇಶ ಶುಲ್ಕ ಬೇರೆಯೇ, ಕಿಟ್ ಕಡ್ಡಾಯವೇ, ಮೀಟ್‌ಗಳ ಪ್ರಯಾಣ ಯಾರದು, ಪರೀಕ್ಷೆಯ ತಿಂಗಳಲ್ಲಿ ಬಾರದಿದ್ದರೆ ಏನು ಎಂಬುದನ್ನು ಕೂಡಿಸಿ ನೋಡಬೇಕು. ಅಡಿಯಲ್ಲಿ ಮೊಳೆಗಳಿರುವ ಸ್ಪೈಕ್ಸ್ ಶೂ ಮೊದಲ ದಿನವೇ ಕೊಳ್ಳಬೇಕಾಗಿಲ್ಲ. ಸರಿಯಾದ ಅಳತೆಯ ಒಂದು ಜೊತೆ ಸಾಧಾರಣ ಓಟದ ಶೂ ಸಾಕು, ಅದನ್ನೂ ಆರು ತಿಂಗಳಿಗೊಮ್ಮೆ ಕಾಲು ಬೆಳೆದ ಹಾಗೆ ಬದಲಿಸಬೇಕಾಗುತ್ತದೆ ಎಂದು ಮೊದಲೇ ತಿಳಿದುಕೊಂಡಿರಿ.

ಸೇರಿಸುವ ಸಮಯದ ಬಗ್ಗೆ ಒಂದು ಸೂಚನೆ. ಏಪ್ರಿಲ್, ಮೇ ತಿಂಗಳ ಬೇಸಿಗೆ ಶಿಬಿರಗಳು ಮಗುವಿಗೆ ಮೈದಾನದ ರುಚಿ ಹತ್ತಿಸಲು ಒಳ್ಳೆಯವು, ಆದರೆ ಅಲ್ಲಿನ ಜನಜಂಗುಳಿಯಲ್ಲಿ ಕೋಚ್ ಹೇಗೆ ಕಲಿಸುತ್ತಾರೆ ಎಂಬುದನ್ನು ಅಳೆಯಲಾಗುವುದಿಲ್ಲ. ಶಿಬಿರದ ಗದ್ದಲ ಕರಗಿ, ಮಳೆ ಹಿಡಿದು, ಮೈದಾನಕ್ಕೆ ಬರುವವರು ಅರ್ಧಕ್ಕರ್ಧ ಕಡಿಮೆಯಾಗುವ ಜುಲೈ ತಿಂಗಳಲ್ಲಿ ಹೋಗಿ ನೋಡಿ. ಮಳೆಯ ದಿನ ಅಭ್ಯಾಸ ರದ್ದು ಮಾಡದೆ, ಗ್ಯಾಲರಿಯ ಮೆಟ್ಟಿಲ ಕೆಳಗಿನ ಇಕ್ಕಟ್ಟಿನಲ್ಲೇ ಆರು ಮಕ್ಕಳಿಗೆ ಹಗ್ಗದಾಟ ಆಡಿಸುತ್ತಿರುವ ಕೋಚ್ ಕಂಡರೆ, ಒಂದು ತಿಂಗಳ ಶುಲ್ಕ ಮಾತ್ರ ಕಟ್ಟಿ, ಮೂರು ತಿಂಗಳದ್ದನ್ನು ಆಮೇಲೆ ನೋಡೋಣ ಎನ್ನಿ.